ಇರುಳನ್ನು ಅಳೆಯುವ ಗಿಡ

ಆ ಕೆಂಪು ಹೂವೇ ಅಲ್ಲ! ಎಲೆ, ಬರೀ ಎಲೆ! ಡಿಸೆಂಬರ್ ಬಂತೆಂದರೆ ಬೆಂಗಳೂರಿನ ನರ್ಸರಿಗಳ ಮುಂದೆ ಸಾಲುಗಟ್ಟಿ ನಿಲ್ಲುತ್ತದಲ್ಲ ಪಾಯಿನ್ಸೆಟಿಯಾ, ಅದರ ಮಾತು. ಕ್ರಿಸ್‌ಮಸ್ ರಜೆಗೆ ಬಂದ ಅಣ್ಣನ ಮಕ್ಕಳ ಜೊತೆ ಅದನ್ನು ಕುಂಡಕ್ಕೆ ಹಾಕಲು ಕೂತದ್ದೇ ತಡ, ಗುಟ್ಟುಗಳು ಒಂದರ ಹಿಂದೊಂದು ಹೊರಬಿದ್ದವು.

ತೂತಿನ ಮೇಲೊಂದು ಹೆಂಚಿನ ಚೂರು, ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಕೋಕೋಪೀಟ್. ಬೇರಿನಲ್ಲಿ ನೀರು ನಿಲ್ಲದಿದ್ದರೆ ಸಾಕು. ಅಷ್ಟರಲ್ಲಿ ಒಂದು ಎಲೆ ಮುರಿಯಿತು. ಹಾಲು! "ಅತ್ತೆ, ಕಳ್ಳಿ ಥರಾನೇ ಇದೆ!" ಥರವೇನು ಬಂತು, ಬೇಲಿಸಾಲಿನ ಕಳ್ಳಿಯೂ ಈ ಬೆಡಗಿಯೂ ಒಂದೇ ಕುಲ: ಯುಫೋರ್ಬಿಯಾ. (ಆ ಹಾಲು ಕೆಲವರಿಗೆ ತುರಿಕೆ ತರುತ್ತದೆ, ಮೊದಲು ಕೈ ತೊಳೆಸಿದೆ.)

ಹಾಗಾದರೆ ಹೂವೆಲ್ಲಿ? ಭೂತಗನ್ನಡಿ ಬಂತು. ಕೆಂಪೆಲೆಗಳ ನಟ್ಟನಡುವೆ ಪುಟ್ಟ ಹಸಿರು ಗುಂಡುಗಳು, ಗುಂಡಿನ ಪಕ್ಕಕ್ಕೆ ತುಟಿಯಂಥ ಹಳದಿ ಬಟ್ಟಲು, ಬಟ್ಟಲ ತುಂಬ ಮಕರಂದ! ಆ ಗುಂಡೂ ಒಂದು ಹೂವಲ್ಲ, ಹೂಗಳ ಗುಂಪು. ಒಳಗಿನ ಒಂದೊಂದು ಕೇಸರವೂ ಒಂದೊಂದು ಗಂಡುಹೂವು! ಊರು ಮೆಕ್ಸಿಕೋ, ಅಲ್ಲಿ ಇದು ಆಳೆತ್ತರ ಮೀರುವ ಪೊದೆ. 1825ರಲ್ಲಿ ಅಲ್ಲಿಗೆ ಅಮೆರಿಕದ ರಾಯಭಾರಿಯಾಗಿ ಹೋದ ಜೋಯೆಲ್ ಪಾಯಿನ್ಸೆಟ್ ಗಿಡವನ್ನು ತನ್ನೂರಿಗೆ ಕಳಿಸಿದ, ಹೆಸರೂ ಅವನದೇ ಉಳಿಯಿತು.

ಎಲ್ಲಕ್ಕಿಂತ ದೊಡ್ಡ ಬೆರಗು ಮುಂದಿದೆ. ಈ ಎಲೆಗಳಿಗೆ ಕೆಂಪೇರಲು ಹೇಳುವುದು ಚಳಿಯಲ್ಲ, ಕತ್ತಲು! ಗಿಡ ಇರುಳನ್ನು ಅಳೆಯುತ್ತದೆ. ರಾತ್ರಿ ಹಗಲಿಗಿಂತ ಉದ್ದವಾಗುತ್ತ ಹೋದ ಹಾಗೆ, ವಾರಗಟ್ಟಲೆ ಕತ್ತಲನ್ನು ಲೆಕ್ಕ ಹಾಕಿ, ಆಮೇಲಷ್ಟೇ ಹೂ ಕಟ್ಟಿ ಕೆಂಪೇರುತ್ತದೆ. ಸಸ್ಯಗಳ ಈ ಲೆಕ್ಕಾಚಾರವನ್ನು 1920ರಲ್ಲಿ ಜಗತ್ತಿಗೆ ತೋರಿಸಿದವರು ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು. ಕುಂಡ ಬೀದಿದೀಪದ ಕೆಳಗಿದ್ದರೆ? ಲೆಕ್ಕ ತಪ್ಪಿ ಹಸಿರಾಗಿಯೇ ಉಳಿದೀತು.

"ನಡುರಾತ್ರಿ ಟಾರ್ಚ್ ಬಿಟ್ಟರೂ ಅದಕ್ಕೆ ಗೊತ್ತಾಗುತ್ತಾ?" ಕಿರಿಯವನ ಪ್ರಶ್ನೆ. ಎಂಥ ಪ್ರಶ್ನೆ! ದಿನವೂ ನಡುರಾತ್ರಿ ಕೊಂಚ ಹೊತ್ತು ಬೆಳಕು ಬಿದ್ದರೂ ಸಾಕು, ಉದ್ದದ ಇರುಳು ಎರಡು ಗಿಡ್ಡ ಇರುಳುಗಳಾಗಿ ತುಂಡಾಗುತ್ತದೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಹೊಲದ ತುಂಬ ಬಲ್ಬು ಉರಿಯುವುದನ್ನು ಕಂಡಿದ್ದೀರಾ? ಜಾತ್ರೆಯಲ್ಲ, ಸೇವಂತಿಗೆ! ಅದೂ ಕತ್ತಲೆಯ ಲೆಕ್ಕದ ಗಿಡವೇ. ಮೊದಲು ಎತ್ತರ ಬೆಳೆಯಲಿ, ಮೊಗ್ಗು ಆಮೇಲೆ ಬರಲಿ ಎಂದು ರೈತರು ಬೇಕೆಂದೇ ಅದರ ಇರುಳನ್ನು ಕತ್ತರಿಸುತ್ತಾರೆ.