ಹೊಳೆಯ ಮೇಲೊಂದು ಬಾಜಿ

ಹೆಸರು ಟ್ರೈಪಾಡ್, ಎಣಿಸಿದರೆ ಕಾಲು ನಾಲ್ಕು. ಕಪ್ಪು ಬಿಳುಪು ಪಟ್ಟೆ ಬಳಿದ ಈ ಮರದ ಅಟ್ಟಣಿಗೆಯನ್ನು ಅಲಾಸ್ಕಾದ ನೆನಾನಾ ಎಂಬ ಪುಟ್ಟ ಊರಿನವರು ಪ್ರತಿ ವರ್ಷ ಮಾರ್ಚ್ ಮೊದಲ ವಾರಾಂತ್ಯದಲ್ಲಿ ಹೆಪ್ಪುಗಟ್ಟಿದ ಟನಾನಾ ಹೊಳೆಯ ಮೇಲೆ ಎಳೆದು ತಂದು ನಿಲ್ಲಿಸುತ್ತಾರೆ. ಅದಕ್ಕೆ ಕಟ್ಟಿದ ತಂತಿ ದಡದ ಗಡಿಯಾರದವರೆಗೆ ಹೋಗುತ್ತದೆ. ವಸಂತದಲ್ಲಿ ಮಂಜುಗಡ್ಡೆ ಒಡೆದು ಟ್ರೈಪಾಡ್ ನೂರು ಅಡಿ ಸರಿದರೆ ಸಾಕು, ಗಡಿಯಾರ ನಿಂತುಬಿಡುತ್ತದೆ. ಅದು ನಿಲ್ಲುವ ದಿನ, ಗಂಟೆ, ನಿಮಿಷವನ್ನು ಮೊದಲೇ ಊಹಿಸಿ ಚೀಟಿ ಬರೆದವರಿಗೆ ಬಹುಮಾನ. ಮೊತ್ತ ಲಕ್ಷಗಟ್ಟಲೆ ಡಾಲರ್.

ಇದರ ಹೆಸರು ನೆನಾನಾ ಐಸ್ ಕ್ಲಾಸಿಕ್. ಮರ್ಯಾದೆಯ ಮಾತು ಬಿಟ್ಟು ಹೇಳುವುದಾದರೆ ಶುದ್ಧ ಜೂಜು. ಆದರೆ ಉತ್ತರದ ಶೀತಪ್ರದೇಶಗಳು ಎಷ್ಟು ಬೆಚ್ಚಗಾಗುತ್ತಿವೆ ಎಂದು ತಿಳಿಯಬಯಸುವ ವಿಜ್ಞಾನಿಗಳು ಇದರ ದಾಖಲೆ ಪುಸ್ತಕವನ್ನು ಗೌರವದಿಂದ ತೆರೆಯುತ್ತಾರೆ.

ಶುರುವಾದದ್ದು 1917ರಲ್ಲಿ. ಅಲಾಸ್ಕಾ ರೈಲುಹಾದಿ ಹಾಕುತ್ತಿದ್ದ ಎಂಜಿನಿಯರುಗಳಿಗೆ ಚಳಿಗಾಲ ಮುಗಿಯುವವರೆಗೆ ಹೊತ್ತು ಹೋಗಬೇಕಿತ್ತು. ಎಂಟು ನೂರು ಡಾಲರ್ ಒಟ್ಟುಮಾಡಿ, ಹೊಳೆ ಯಾವಾಗ ಬಿಡುತ್ತದೆ, ಅಂದರೆ ಅದರ ಮಂಜುಗಡ್ಡೆ ಯಾವಾಗ ಒಡೆಯುತ್ತದೆ ಎಂದು ಪಂಥ ಕಟ್ಟಿದರು. ಆ ವರ್ಷ ಏಪ್ರಿಲ್ 30ರಂದು ಹೊಳೆ ಬಿಟ್ಟಿತು. ರೈಲುಹಾದಿ ಮುಗಿದು, 1923ರ ಜುಲೈಯಲ್ಲಿ ಅಮೆರಿಕದ ಅಧ್ಯಕ್ಷ ಹಾರ್ಡಿಂಗ್ ಇದೇ ಊರಿಗೆ ಬಂದು ಚಿನ್ನದ ಮೊಳೆ ಹೊಡೆದು ಹೋದರು. ಎಂಜಿನಿಯರುಗಳೂ ಗಂಟುಮೂಟೆ ಕಟ್ಟಿದರು. ಪಂಥ ಮಾತ್ರ ಊರಿಗೇ ಉಳಿಯಿತು. ಈಗ ಚಳಿಗಾಲದ ಕೊನೆಯಲ್ಲಿ ಅಲಾಸ್ಕಾದ ಅಂಗಡಿಗಳಲ್ಲಿ ಕೆಂಪು ಡಬ್ಬಿಗಳು ಕಾಣಿಸಿಕೊಳ್ಳುತ್ತವೆ. ಊಹೆಯ ಚೀಟಿಗಳು ಅವುಗಳೊಳಗೆ ಬೀಳುತ್ತವೆ. ಆಮೇಲೆ ಅವನ್ನು ವಿಂಗಡಿಸುವ ಕೂಲಿ ಊರಿನವರಿಗೇ ಸಿಗುತ್ತದೆ.

ಹವಾಮಾನದ ಹಳೆಯ ದಾಖಲೆಗಳಿಗೆ ಒಂದು ಕಾಯಿಲೆಯಿದೆ. ಉಷ್ಣಮಾಪಕವನ್ನು ಯಾರೋ ಬೇರೆ ಗೋಡೆಗೆ ಸರಿಸಿರುತ್ತಾರೆ, ಅಳೆಯುವವರು ರಜೆ ಹಾಕಿರುತ್ತಾರೆ, ಕಚೇರಿಯೇ ಮುಚ್ಚಿಹೋಗಿರುತ್ತದೆ. ನೆನಾನಾದಲ್ಲಿ ಹಾಗಾಗಲಿಲ್ಲ. ಸಾವಿರಾರು ಜನರ ದುಡ್ಡು ಒಂದು ನಿಮಿಷದ ಮೇಲೆ ನಿಂತಿರುವಾಗ ಯಾವ ಕಾವಲುಗಾರ ತೂಕಡಿಸಿಯಾನು? ಅದೇ ಊರು, ಅದೇ ಹೊಳೆ, ಟ್ರೈಪಾಡ್ ನಿಲ್ಲಿಸುವ ರೀತಿಯೂ ಹೆಚ್ಚುಕಮ್ಮಿ ಅದೇ. ವಿಜ್ಞಾನಕ್ಕೆ ನಿಷ್ಠೆ ಬೇಕು ಎನ್ನುತ್ತಾರೆ. ಇಲ್ಲಿ ಆ ನಿಷ್ಠೆಯನ್ನು ಆಸೆಬುರುಕತನವೇ ಕಾಪಾಡಿತು. 2001ರಲ್ಲಿ ರಾಫೆಲ್ ಸಗಾರಿನ್ ಮತ್ತು ಫಿಯೊರೆಂಜಾ ಮಿಕೆಲಿ ಎಂಬ ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಈ ಲೆಕ್ಕವನ್ನೆಲ್ಲ ಜೋಡಿಸಿ ತೋರಿಸಿದರು: ಅಲ್ಲಿಯವರೆಗಿನ ಎಂಟು ದಶಕಗಳಲ್ಲಿ ಹೊಳೆ ಬಿಡುವ ದಿನ ಸುಮಾರು ಐದೂವರೆ ದಿನ ಬೇಗನೆಯ ಕಡೆಗೆ ಸರಿದಿತ್ತು. ಅಧಿಕ ವರ್ಷಗಳು ಕ್ಯಾಲೆಂಡರಿನಲ್ಲಿ ಮಾಡುವ ಏರುಪೇರು ನುಸುಳದಿರಲಿ ಎಂದು ಅವರು ವಸಂತದ ವಿಷುವದಿಂದ ದಿನ ಎಣಿಸಿದ್ದರು.

ಮಂಜುಗಡ್ಡೆ ಒಡೆಯುವುದನ್ನು ನೋಡದವರು ಅದು ಬಿಸಿಲಿಗೆ ಬೆಣ್ಣೆಯಂತೆ ಕರಗುತ್ತದೆ ಎಂದುಕೊಳ್ಳಬಹುದು. ಒಮ್ಮೊಮ್ಮೆ ಹಾಗೂ ಆಗುತ್ತದೆ. ಬಿಸಿಲು ನಿಧಾನವಾಗಿ ಏರಿದರೆ ಗಡ್ಡೆಯೊಳಗೆ ಹರಳುಗಳ ನಡುವಿನ ಬೆಸುಗೆ ಸಡಿಲಗೊಂಡು, ಇಡೀ ಗಡ್ಡೆ ಒತ್ತಾಗಿ ನಿಲ್ಲಿಸಿದ ಮೇಣದಬತ್ತಿಗಳ ಕಟ್ಟಿನಂತಾಗುತ್ತದೆ. ಆಗ ದಪ್ಪ ಇದ್ದರೂ ಬಲ ಇರುವುದಿಲ್ಲ. ಹೊಳೆ ಸದ್ದಿಲ್ಲದೆ ಬಿಡುತ್ತದೆ. ಇನ್ನೊಂದು ಬಗೆ ಭಯಂಕರ. ವಸಂತ ತಡವಾಗಿ, ಮೇಲಿನ ಬೆಟ್ಟಗಳ ಹಿಮವೆಲ್ಲ ಒಮ್ಮೆಲೇ ಕರಗಿ ನೀರು ನುಗ್ಗಿದಾಗ, ಅದು ಇನ್ನೂ ಗಟ್ಟಿಯಾಗಿರುವ ಗಡ್ಡೆಯನ್ನು ಕೆಳಗಿನಿಂದ ಎತ್ತಿ ಮುರಿಯುತ್ತದೆ. ಚಪ್ಪಡಿಗಳು ಒಂದರ ಮೇಲೊಂದು ಏರಿ ತಿರುವಿನಲ್ಲಿ ಸಿಕ್ಕಿಕೊಂಡರೆ ಅದೇ ಅಣೆಕಟ್ಟು, ಅದರ ಹಿಂದೆ ಇರುವ ಊರೇ ಹಿನ್ನೀರು.

2013ರಲ್ಲಿ ಆದದ್ದು ಇದೇ. ಆ ವರ್ಷ ನೆನಾನಾದ ಗಡಿಯಾರ ಮೇ 20ರವರೆಗೂ ನಡೆಯುತ್ತಲೇ ಇತ್ತು. ಅಷ್ಟು ತಡವಾದದ್ದು ಅದಕ್ಕೆ ಮುಂಚೆ 1964ರಲ್ಲಿ ಮಾತ್ರ. ಟನಾನಾ ಹೋಗಿ ಸೇರುವ ಯೂಕಾನ್ ಮಹಾನದಿಯ ದಡದಲ್ಲಿ, ಬಹಳ ಕೆಳಗೆ, ಗಲೀನಾ ಎಂಬ ಊರಿದೆ. ಆ ಮೇ ತಿಂಗಳ ಕೊನೆಯಲ್ಲಿ ಊರಿನಿಂದಾಚೆ ಗಡ್ಡೆಗಳು ಸಿಕ್ಕಿಕೊಂಡು ನೀರು ಹಿಂದಕ್ಕೆ ಏರಿತು. ಮನೆಗಳು ಮುಳುಗಿದವು, ಜನರನ್ನು ವಿಮಾನದಲ್ಲಿ ಸಾಗಿಸಬೇಕಾಯಿತು. ಬಾಜಿ ಕಟ್ಟಿದವರಿಗೆ ತಡವಾದ ವರ್ಷ ಬರೀ ಕುತೂಹಲ. ಕೆಳದಂಡೆಯವರಿಗೆ ಅದು ಜೀವದ ಪ್ರಶ್ನೆ.

ಹಾಗಾಗಿ ವಸಂತ ಬಂದರೆ ಅಲಾಸ್ಕಾದಲ್ಲಿ ‘ರಿವರ್ ವಾಚ್’ ಶುರು. ಹವಾಮಾನ ಇಲಾಖೆಯ ಜಲತಜ್ಞರೂ ರಾಜ್ಯದ ವಿಪತ್ತು ನಿರ್ವಹಣೆಯವರೂ ಪುಟ್ಟ ವಿಮಾನ ಹತ್ತಿ ಹೊಳೆಯ ಮೇಲೇ ಹಾರುತ್ತ, ಎಲ್ಲಿ ಗಡ್ಡೆ ಬಿಟ್ಟಿದೆ, ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಿ ಹಳ್ಳಿಗಳಿಗೆ ಮುನ್ಸೂಚನೆ ಕೊಡುತ್ತಾರೆ. ಫೇರ್‌ಬ್ಯಾಂಕ್ಸ್‌ನ ವಿಶ್ವವಿದ್ಯಾಲಯದ್ದೊಂದು ಯೋಜನೆಯಿದೆ, ‘ಫ್ರೆಶ್ ಐಸ್ ಆನ್ ಐಸ್’. ಕನ್ನಡದಲ್ಲಿ ಬರೆದರೆ ಕಣ್ಣು ಯಾವುದು, ಮಂಜುಗಡ್ಡೆ ಯಾವುದು ತಿಳಿಯದು. ಮಂಜುಗಡ್ಡೆಯ ಮೇಲೆ ಹೊಸ ಕಣ್ಣು ಎಂದು ಇಟ್ಟುಕೊಳ್ಳೋಣ. ಹಳ್ಳಿಯವರೂ ಶಾಲೆಯ ಮಕ್ಕಳೂ ತಮ್ಮ ಹೊಳೆಯ ಚಿತ್ರ ತೆಗೆದು ಕಳಿಸುತ್ತಾರೆ, ರಂಧ್ರ ಕೊರೆದು ಗಡ್ಡೆಯ ದಪ್ಪ ಅಳೆಯುತ್ತಾರೆ. ರಸ್ತೆಯೇ ಇಲ್ಲದ ಹಳ್ಳಿಗಳಿಗೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಹೊಳೆಯೇ ಹೆದ್ದಾರಿ. ಅದರ ದಪ್ಪ ಗೊತ್ತಿಲ್ಲದೆ ಸ್ನೋಮೊಬೈಲ್ ಓಡಿಸುವಂತಿಲ್ಲ.

ಇಂಥ ದಾಖಲೆಗಳ ಅಜ್ಜನೊಬ್ಬ ಇರುವುದು ಯುರೋಪಿನಲ್ಲಿ. ಈಗಿನ ಫಿನ್ಲೆಂಡ್–ಸ್ವೀಡನ್ ಗಡಿಯಲ್ಲಿ ಹರಿಯುವ ಟೋರ್ನೆ ನದಿ ಬಿಡುವ ದಿನವನ್ನು 1693ರಲ್ಲೇ ಓಲಾಫ್ ಆಲ್ಬೊಮ್ ಎಂಬ ವ್ಯಾಪಾರಿ ಬರೆದಿಡತೊಡಗಿದ. ನಡುವೆ ಯುದ್ಧದ ಕಾಲದಲ್ಲಿ ಕೆಲವು ವರ್ಷ ಪುಟ ಖಾಲಿ. ಆಮೇಲೆ ಪುನಃ ಶುರು.

ಟ್ರೈಪಾಡಿನ ಸಾಕ್ಷ್ಯಕ್ಕೂ ಮಿತಿಯಿದೆ, ಮುಚ್ಚಿಡಬಾರದು. ಅದು ಹೇಳುವುದು ಒಂದು ಊರಿನ ಒಂದು ಬಿಂದುವಿನ ಕಥೆ. ಸುತ್ತ ನೀರು ಬಾಯ್ದೆರೆದಿದ್ದರೂ ಅದರ ಅಡಿಯ ತುಂಡು ಹಟ ಹಿಡಿದು ನಿಂತರೆ ಗಡಿಯಾರ ಓಡುತ್ತಲೇ ಇರುತ್ತದೆ. ಒಂದು ವರ್ಷ ಬೇಗ, ಮುಂದಿನ ವರ್ಷ ತಡ; ಒಂದೆರಡು ವರ್ಷ ಹಿಡಿದುಕೊಂಡು ವಾದಿಸುವವರಿಗೆ ಎರಡೂ ಕಡೆಗೆ ಸರಕು ಸಿಗುತ್ತದೆ. ನೂರು ವರ್ಷಗಳ ಸಾಲನ್ನು ಒಟ್ಟಿಗೆ ನೋಡಿದಾಗಲೇ ಅದು ಬಾಗಿದ ದಿಕ್ಕು ಗೊತ್ತಾಗುವುದು.

ಪಂಥ ಶುರುವಾಗಿ ಶತಮಾನ ದಾಟುವವರೆಗೂ ಹೊಳೆ ಬಿಟ್ಟ ಅತಿ ಬೇಗನೆಯ ದಿನ ಏಪ್ರಿಲ್ 20 ಆಗಿತ್ತು, 1940ರಲ್ಲಿ ಒಮ್ಮೆ, 1998ರಲ್ಲಿ ಒಮ್ಮೆ. 2019ರಲ್ಲಿ ಗಡಿಯಾರ ಏಪ್ರಿಲ್ 14ರ ನಡುರಾತ್ರಿ 12 ಗಂಟೆ 21 ನಿಮಿಷಕ್ಕೆ ನಿಂತಿತು. ಟಿಕೆಟ್ ಕೊಳ್ಳಲು ಕೊಟ್ಟಿದ್ದ ಗಡುವು ಏಪ್ರಿಲ್ 5. ಕೆಂಪು ಡಬ್ಬಿಗಳು ಮುಚ್ಚಿ ಆಗಿನ್ನೂ ಒಂಬತ್ತೇ ದಿನ ಆಗಿತ್ತು.