ನಿಮಗಿದು ಗೊತ್ತೇ? ಸೀಳಂಗುಳದ ಮಗುವಿನ ಮೂಗಿನ ಹಿಂದಿನ ಗ್ರಂಥಿಯನ್ನು ಪೂರ್ತಿ ತೆಗೆಯುವಂತಿಲ್ಲ!

ಮೂಗಿನ ಹಿಂದೆ ದುರ್ಮಾಂಸ ಬೆಳೆದಿದೆ ಎಂದ ಕೂಡಲೇ ‘ತೆಗೆಸಿಬಿಡಿ’ ಎನ್ನುವವರೇ ಹೆಚ್ಚು. ಆದರೆ ಅಂಗುಳ ಸೀಳಿಕೊಂಡು ಹುಟ್ಟಿದ ಮಗುವಿನಲ್ಲಿ ಅದೇ ಬೆಳವಣಿಗೆ ಮಾತಿಗೆ ಆಸರೆಯಾಗಿರಬಹುದು. ಅದನ್ನು ಪೂರ್ತಿ ಕೆರೆದು ತೆಗೆದರೆ ಉಸಿರು ಸರಾಗವಾಗುತ್ತದೆ, ಮಾತು ಮೂಗಿನ ಪಾಲಾಗಬಹುದು.

ಮೂಗು ಬಿಟ್ಟುಕೊಂಡು ‘ಕಾಗೆ ಕಾಲು ಕಪ್ಪು’ ಎನ್ನಿ. ಈಗ ಮೂಗು ಹಿಡಿದುಕೊಂಡು ಅದನ್ನೇ ಹೇಳಿ. ದನಿ ಬದಲಾಗಲಿಲ್ಲ ಅಲ್ಲವೇ? ಈ ಮಾತಿನಲ್ಲಿ ಒಂದೂ ಅನುನಾಸಿಕವಿಲ್ಲ. ಅದನ್ನು ಹೇಳುವಷ್ಟು ಹೊತ್ತು ಮೃದು ಅಂಗುಳ ಮೇಲೆದ್ದು ಗಂಟಲಿನ ಹಿಂಗೋಡೆಗೆ ಒತ್ತಿಕೊಂಡು ಮೂಗಿನ ದಾರಿಯನ್ನು ಮುಚ್ಚಿಬಿಡುತ್ತದೆ. ಸೀಳು ಹೊಲಿಸಿಕೊಂಡ ಅಂಗುಳ ಕೆಲವೊಮ್ಮೆ ಗಿಡ್ಡವಾಗಿ, ಬಿಗಿಯಾಗಿ ಉಳಿದು ಗೋಡೆಯವರೆಗೆ ಎಟುಕುವುದಿಲ್ಲ. ಆಗ ಆ ಗೋಡೆಯ ಮೇಲೆ ಉಬ್ಬಿ ಕುಳಿತ ಅಡಿನಾಯ್ಡ್ ಗ್ರಂಥಿ ನಡುವಿನ ಅಂತರವನ್ನು ತುಂಬಿಕೊಡುತ್ತದೆ. ಅದನ್ನು ತೆಗೆದರೆ ‘ಅಪ್ಪ’ ಎಂದದ್ದು ‘ಅಮ್ಮ’ ಎಂಬಂತೆ ಕೇಳಬಹುದು. ಅಡಿನಾಯ್ಡ್ ಅತಿಯಾಗಿ ಬೆಳೆದು ಮೂಗು ಕಟ್ಟಿದ ಮಗುವಿನಲ್ಲಿ ಇದರ ಉಲ್ಟಾ: ‘ಅಮ್ಮ’ ಹೋಗಿ ‘ಅಬ್ಬ’ ಆಗುತ್ತದೆ.

ಅಡಿನಾಯ್ಡ್ ಎಂಬುದೊಂದಿದೆ, ಅದು ಕಿವಿಯನ್ನೂ ಮಾತನ್ನೂ ಕೆಡಿಸಬಲ್ಲದು ಎಂದು ಜಗತ್ತಿಗೆ ತೋರಿಸಿದವರು ಕೋಪನ್‌ಹೇಗನ್‌ನ ವೈದ್ಯ ವಿಲ್ಹೆಲ್ಮ್ ಮೇಯರ್. ಅವರ ಲೇಖನ ಬಂದದ್ದು 1868ರಲ್ಲಿ. ಅಂಗುಳದ ಹಿಂದೆ ಬೆರಳು ತೂರಿಸಿ ತಡಕಿ ನೋಡಿದ್ದೇ ಅವರ ಪರೀಕ್ಷೆ. ಮೂಗಿನ ಹೊಳ್ಳೆಯಿಂದ ಒಳಬಿಡುವ ಉಂಗುರದಂಥ ಪುಟ್ಟ ಚಾಕುವೇ ಅವರ ಉಪಕರಣ.

ಅದಕ್ಕೂ ಅರ್ಧ ಶತಮಾನ ಮೊದಲು, 1819ರಲ್ಲಿ, ಪ್ಯಾರಿಸ್‌ನ ಶಸ್ತ್ರವೈದ್ಯ ಫಿಲಿಬರ್ ರೂ ಕೆನಡಾದ ವೈದ್ಯ ವಿದ್ಯಾರ್ಥಿಯೊಬ್ಬರ ಸೀಳಿದ ಮೃದು ಅಂಗುಳವನ್ನು ಹೊಲಿದರು. ಅರಿವಳಿಕೆ ಇನ್ನೂ ಬಂದಿರಲಿಲ್ಲ! ಆ ವಿದ್ಯಾರ್ಥಿ ಜಾನ್ ಸ್ಟೀಫನ್‌ಸನ್. ಮುಂದೆ ಮಾಂಟ್ರಿಯಲ್‌ನಲ್ಲಿ ಪಾಠ ಹೇಳುವ ಮೇಷ್ಟರಾದರು, ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದರು.

ಕಣ್ಣಿಗೆ ಕಾಣುವ ಸೀಳಿಗಿಂತ ಕಾಣದ ಸೀಳು ಹೆಚ್ಚು ಮೋಸ ಮಾಡುತ್ತದೆ. ಹೊರಗಿನ ಪೊರೆ ಅಖಂಡವಾಗಿದ್ದು ಒಳಗಿನ ಸ್ನಾಯುಗಳು ಮಾತ್ರ ನಡುವೆ ಕೂಡದೆ ಉಳಿದಿದ್ದರೆ ಅದು ಪೊರೆಯಡಿಯ ಸೀಳಂಗುಳ. ಇದರ ಮೂರು ಗುರುತುಗಳನ್ನು ಒಟ್ಟುಗೂಡಿಸಿ 1954ರಲ್ಲಿ ವಿವರಿಸಿದವರು ಜೇಮ್ಸ್ ಕ್ಯಾಲ್ನನ್. ಒಂದು, ತುದಿ ಎರಡಾಗಿ ಸೀಳಿದ ಕಿರುನಾಲಿಗೆ. ಎರಡು, ಅಂಗುಳದ ನಡುಗೆರೆಯಲ್ಲಿ ಬೆಳಕು ಹಾಯುವಷ್ಟು ತೆಳುವಾದ ನೀಲಿಛಾಯೆಯ ಪಟ್ಟಿ. ಮೂರು, ಗಟ್ಟಿ ಅಂಗುಳದ ಹಿಂದಂಚಿನಲ್ಲಿ ಬೆರಳಿಗೆ ಸಿಗುವ ಕಚ್ಚು. ಟಾರ್ಚ್ ಮತ್ತು ಕೈಗವಸು ಹಾಕಿದ ಒಂದು ಬೆರಳು ಇದ್ದರೆ ಇಷ್ಟನ್ನೂ ನಿಮಿಷದೊಳಗೆ ನೋಡಬಹುದು. ಎದೆಹಾಲು ಕುಡಿಯುವಾಗ ಮೂಗಿನಿಂದ ಹಾಲು ಬರುತ್ತಿತ್ತೇ ಎಂದು ತಾಯಿಯನ್ನು ಕೇಳುವುದಕ್ಕೂ ಖರ್ಚಿಲ್ಲ. ಅಡಿನಾಯ್ಡ್ ತೆಗೆಯುವ ಮೊದಲು ಈ ಪರೀಕ್ಷೆಯನ್ನು ಯಾರೂ ಬಿಡಬಾರದು. ವೈದ್ಯರು ಮರೆತರೆ ಪೋಷಕರೇ ನೆನಪಿಸಲಿ, ಅದರಲ್ಲಿ ಸಂಕೋಚ ಬೇಡ.

ಅಡಿನಾಯ್ಡ್ ತೆಗೆದ ಮೇಲೆ ಕೆಲವು ವಾರ ಮಾತು ಮೂಗಿನಲ್ಲಿ ಬರುವುದು ಸಾಮಾನ್ಯ ಮಕ್ಕಳಲ್ಲೂ ಉಂಟು. ಅದು ಹಾಗೇ ಶಾಶ್ವತವಾಗಿ ಉಳಿಯುವುದು ಅಪರೂಪ: 1,500ರಿಂದ 10,000 ಮಕ್ಕಳಲ್ಲಿ ಒಬ್ಬರಿಗೆ ಎಂಬುದು ವೈದ್ಯಗ್ರಂಥಗಳ ಲೆಕ್ಕ. ಸೀಳಂಗುಳದ ಮಕ್ಕಳಿಗೆ ಮಾತ್ರ ಈ ನೆಮ್ಮದಿಯ ಲೆಕ್ಕ ಅನ್ವಯಿಸುವುದಿಲ್ಲ.

ಹಾಗಾದರೆ ರಾತ್ರಿಯಿಡೀ ಗೊರಕೆ ಹೊಡೆದು, ಉಸಿರು ಕಟ್ಟಿ ಎದ್ದು ಕೂರುವ ಸೀಳಂಗುಳದ ಮಗುವಿಗೆ ಶಸ್ತ್ರಚಿಕಿತ್ಸೆಯೇ ಇಲ್ಲವೇ? ಇದೆ, ಅರ್ಧ ಮಾತ್ರ! ಮೂಗಿಗೆ ಬಿಡುವ ಸ್ಟೀರಾಯ್ಡ್ ಸ್ಪ್ರೇಗೆ ಬಗ್ಗದಿದ್ದಾಗ ಅಡಿನಾಯ್ಡಿನ ಮೇಲ್ಭಾಗವನ್ನು, ಅಂದರೆ ಮೂಗಿನ ಹಿಂಬಾಗಿಲಿಗೆ ಅಡ್ಡ ನಿಂತಿರುವಷ್ಟನ್ನು ಮಾತ್ರ ತೆಗೆಯುತ್ತಾರೆ. ಅಂಗುಳ ಬಂದು ಒರಗುವ ಕೆಳಗಿನ ದಿಂಬನ್ನು ಹಾಗೇ ಬಿಡುತ್ತಾರೆ. ಹಳೆಯ ಕ್ಯುರೆಟ್‌ನಲ್ಲಿ ಕಣ್ಣಿಗೆ ಕಾಣದೆಡೆ ಕೆರೆದು ತೆಗೆಯುತ್ತಿದ್ದಾಗ ಇಂಥ ನಾಜೂಕು ಕಷ್ಟವಿತ್ತು. ಈಗ ಎಂಡೋಸ್ಕೋಪಿನಲ್ಲಿ ನೋಡುತ್ತಲೇ, ಕತ್ತರಿಸಿ ಹೀರಿಕೊಳ್ಳುವ ಮೈಕ್ರೊಡಿಬ್ರೈಡರ್‌ನಿಂದಲೋ ಅಂಗಾಂಶವನ್ನು ಕರಗಿಸುವ ಕೊಬ್ಲೇಶನ್ ದಂಡದಿಂದಲೋ ಬೇಕಾದಷ್ಟೇ ತೆಗೆಯಬಹುದು. ಎಷ್ಟು ತೆಗೆದರು ಎಂಬುದಕ್ಕಿಂತ ಎಷ್ಟು ಉಳಿಸಿದರು ಎಂಬುದರಲ್ಲೇ ಇಲ್ಲಿ ಶಸ್ತ್ರವೈದ್ಯರ ಕೈಗುಣ ಗೊತ್ತಾಗುವುದು.

ಅಡಿನಾಯ್ಡ್ ಹರೆಯದ ಹೊತ್ತಿಗೆ ತಾನಾಗಿಯೇ ಕುಗ್ಗುತ್ತದೆ. ಅದನ್ನೇ ನಂಬಿಕೊಂಡಿದ್ದ ಸೀಳಂಗುಳದ ಕೆಲವು ಮಕ್ಕಳಲ್ಲಿ ಆಗ, ಯಾರೂ ಚಾಕು ಮುಟ್ಟಿಸದಿದ್ದರೂ, ಮಾತು ಮತ್ತೆ ಮೂಗಿಗೆ ಹತ್ತುತ್ತದೆ.

ಮೂಗು ಕಟ್ಟಿಸುವುದೆಲ್ಲ ಅಡಿನಾಯ್ಡೂ ಅಲ್ಲ, ಪಾಲಿಪ್ ಎಂಬ ಮೆತ್ತನೆಯ ದುರ್ಮಾಂಸವೂ ಅಲ್ಲ. ಮಿದುಳಿನ ಪೊರೆ, ಕೆಲವೊಮ್ಮೆ ಮಿದುಳಿನ ಭಾಗವೇ, ತಲೆಬುರುಡೆಯ ತಳದ ರಂಧ್ರದಿಂದ ಮೂಗಿನೊಳಗೆ ಇಳಿದುಬರುವುದುಂಟು. ಇದರ ಹೆಸರು ಎನ್ಸೆಫಲೊಸೀಲ್. ಮುಖದ ನಡುಗೆರೆಯ ಸೀಳುಗಳ ಜೊತೆಗೆ ಇದು ಬರಬಹುದು. ಮಗು ಅತ್ತಾಗ ಗಡ್ಡೆ ಹಿಗ್ಗುವುದು, ನಾಡಿಯಂತೆ ಮಿಡಿಯುವುದು, ಮೂಗಿನಿಂದ ತಿಳಿನೀರು ಸೋರುವುದು ಇದರ ಸುಳಿವುಗಳು. ಆದ್ದರಿಂದ ಹಸುಗೂಸಿನ ಮೂಗಿನ ಗಡ್ಡೆಗೆ ಮೊದಲು ಸ್ಕ್ಯಾನ್, ಆಮೇಲೇ ಬಯಾಪ್ಸಿ. ಈ ಕ್ರಮ ತಪ್ಪಿದರೆ ಮಿದುಳಿಗೇ ಸೋಂಕು ತಗಲಬಹುದು.

ಒಂದೇ ಹೊಳ್ಳೆ ಕಟ್ಟಿದೆಯೇ? ಮೇಲ್ದವಡೆಯೆಲುಬಿನ ಸೈನಸ್‌ನಲ್ಲಿ (ಗಾಳಿಗೂಡಿನಲ್ಲಿ) ಹುಟ್ಟಿ, ಮೂಗನ್ನು ದಾಟಿ, ಅಂಗುಳದ ಹಿಂದೆ ಜೋತಾಡುವ ಪಾಲಿಪ್ ಇರಬಹುದು. 1906ರಲ್ಲಿ ಅದರ ಮೂಲ ಹಿಡಿದವರು ಜರ್ಮನಿಯ ಗುಸ್ಟಾವ್ ಕಿಲಿಯನ್. ಹೊಲಿಯದ ಸೀಳಿದ್ದರೆ ಇದು ಬಾಯಿಯಿಂದಲೇ ಕಂಡೀತು. ಜೋತುಬಿದ್ದದ್ದನ್ನು ಮಾತ್ರ ಕಿತ್ತರೆ ಮತ್ತೆ ಬೆಳೆಯುತ್ತದೆ. ಸೈನಸ್‌ನೊಳಗಿನ ಬುಡವನ್ನೂ ತೆಗೆಯಬೇಕು.

ಶಸ್ತ್ರಚಿಕಿತ್ಸೆಗೆ ಮೊದಲು ಇನ್ನೊಂದು ಎಚ್ಚರ: ಸೀಳಂಗುಳದ ಕೆಲವು ಮಕ್ಕಳಲ್ಲಿ 22ನೇ ವರ್ಣತಂತುವಿನ ಒಂದು ತುಣುಕು ಇರುವುದಿಲ್ಲ. ಅಂಥವರಲ್ಲಿ ಮಿದುಳಿಗೆ ರಕ್ತ ಒಯ್ಯುವ ಕ್ಯಾರೊಟಿಡ್ ಅಪಧಮನಿ ಕುತ್ತಿಗೆಯ ಬದಿ ಬಿಟ್ಟು ಗಂಟಲಿನ ಹಿಂಗೋಡೆಯ ನಡುವಿಗೆ ಸರಿದಿರಬಹುದು, ಅಂದರೆ ಚಾಕು ಆಡುವ ಜಾಗದಲ್ಲೇ!

ಸೀಳಂಗುಳದ ಬಹುಪಾಲು ಶಿಶುಗಳ ಕಿವಿಯಲ್ಲಿ ಅಂಟುದ್ರವ ತುಂಬಿಕೊಳ್ಳುತ್ತದೆ. ಕಾರಣ ಬರೀ ಅಡಿನಾಯ್ಡ್ ಅಲ್ಲ, ಕಿವಿಯ ನಾಳವನ್ನು ತೆರೆಯುವ ಅಂಗುಳದ ಸ್ನಾಯು ಸರಿಯಾದ ಜಾಗದಲ್ಲಿ ಇಲ್ಲದಿರುವುದು. ಕಿವಿಗಾಗಿ ಅಡಿನಾಯ್ಡ್ ತೆಗೆಯುವ ಬದಲು ಕಿವಿತಮಟೆಗೆ ಗ್ರೊಮೆಟ್ ಎಂಬ ಪುಟ್ಟ ಕೊಳವೆ ಕೂರಿಸುವುದು ಇವರಿಗೆ ಕ್ಷೇಮ.

ಮಾತು ಈಗಾಗಲೇ ಕೆಟ್ಟಿದ್ದರೂ ದಾರಿ ಮುಚ್ಚಿಲ್ಲ. ಹೊಳ್ಳೆಯ ಕೆಳಗೆ ತಣ್ಣನೆಯ ಪುಟ್ಟ ಕನ್ನಡಿ ಹಿಡಿದು ‘ಕಾಗೆ ಕಾಲು ಕಪ್ಪು’ ಎನ್ನಿಸಿ. ಕನ್ನಡಿ ಮಂಜಾದರೆ ಗಾಳಿ ಸೋರುತ್ತಿದೆ. ಆಮೇಲೆ ಎಂಡೋಸ್ಕೋಪಿನಲ್ಲಿ ಸೋರುವ ಜಾಗ ನೋಡಿ, ಅಂಗುಳವನ್ನು ಉದ್ದ ಮಾಡುವ ಫರ್ಲೊ ಶಸ್ತ್ರಚಿಕಿತ್ಸೆಯನ್ನೋ ಗಂಟಲಿನ ಗೋಡೆಯಿಂದ ಪಟ್ಟಿ ತೆಗೆದು ಅಂಗುಳಕ್ಕೆ ಜೋಡಿಸುವುದನ್ನೋ ವೈದ್ಯರು ಆರಿಸುತ್ತಾರೆ. ಜೊತೆಗೆ ಮಾತಿನ ತರಬೇತಿ ಬೇಕೇಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಮಕ್ಕಳ ಮಾತನ್ನು ಕನ್ನಡದ್ದೇ ವಾಕ್ಯಗಳಿಂದ ಅಳೆದು ತರಬೇತಿ ಕೊಡುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿ, ಸೀಳಂಗುಳ ಸೇರಿವೆ. ಅಂಗನವಾಡಿ, ಸರ್ಕಾರಿ ಶಾಲೆಗೆ ತಪಾಸಣೆಗೆ ಬರುವ ತಂಡದ ಮುಂದೆ ಮಗುವಿನ ಬಾಯಿ ತೆರೆಸಿ ತೋರಿಸಿ.