ತಟ್ಟೆಯ ದುಡಿಮೆಯನ್ನು ಅಳೆಯುವ ಬಗೆ

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ರೈತರ ಪಹಣಿಗಳು ‘ಭೂಮಿ’ ಯೋಜನೆಯಿಂದ 2002ರ ವೇಳೆಗೆ ಗಣಕಯಂತ್ರವನ್ನು ಸೇರಿದ್ದವು. ಅಂಥ ದಾಖಲೆಗಳು ಬಹುಮಟ್ಟಿಗೆ ನೆಲೆಸುವುದು ಡಿಸ್ಕ್ ಎಂಬ ತಿರುಗುವ ಕಾಂತೀಯ ತಟ್ಟೆಯ ಮೇಲೆ. ಪಹಣಿ ತಡವಾದರೆ ಬಿತ್ತನೆಯ ಸಾಲವೂ ತಡವಾದೀತು. ಆ ವಿಳಂಬ ತಟ್ಟೆಯದೇ ಎಂದು ಅರಿಯುವ ಬಗೆ ಯಾವುದು?

ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ ಇದಕ್ಕೆಂದೇ ‘ಐಓಸ್ಟ್ಯಾಟ್’ ಎಂಬ ಸಲಕರಣೆಯುಂಟು. ಓದುವ, ಬರೆಯುವ ಒಂದೊಂದು ಕೋರಿಕೆಯೂ ಸರಾಸರಿ ಎಷ್ಟು ಮಿಲಿಸೆಕೆಂಡು ಕಾಯಿತೆಂಬುದನ್ನು ಅದು ತಿಳಿಸುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೇ 8.3 ಮಿಲಿಸೆಕೆಂಡು ಬೇಕು. ಆದುದರಿಂದ 10–15 ಮಿಲಿಸೆಕೆಂಡು ಸಹಜ, 200 ಆದರೆ ಕೋರಿಕೆಗಳು ಸಾಲುಗಟ್ಟಿವೆಯೆಂದರ್ಥ. ‘ಶೇಕಡಾ 100 ಕಾರ್ಯನಿರತ’ ಎಂಬ ಅಂಕಿಯೊಂದನ್ನೇ ನಂಬಬಾರದು. ಕೊಟ್ಟೂರಿನ ಗುಮಾಸ್ತನು ದಿನವಿಡೀ ಬಿಡುವಿಲ್ಲದೆ ದುಡಿಯುತ್ತಿದ್ದರೂ ಅವನ ಕಿಟಕಿಯ ಮುಂದೆ ಒಬ್ಬನೇ ನಿಂತಿರಬಹುದು, ಐವತ್ತು ಮಂದಿಯೂ ನಿಂತಿರಬಹುದು.